ಸ್ಪಂಜು ನಗರವೂ ಮುಳುಗಿತೇಕೆ? ಹಸಿರು ಮೂಲಸೌಕರ್ಯದ ನಿಜವಾದ ಲೆಕ್ಕ

ಮಳೆಗಾಲ ಬಂತೆಂದರೆ ಎರಡು ಬಗೆಯ ಸುದ್ದಿಗಳು ಜೊತೆಜೊತೆಗೇ ಬರುತ್ತವೆ. ಪ್ರವಾಹ ತಡೆಯಲು ಯಾವುದೋ ನಗರ ಉದ್ಯಾನ, ಮಳೆತೋಟ, ನೀರು ಇಂಗುವ ಪಾದಚಾರಿ ಮಾರ್ಗಗಳಿಗೆ ದೊಡ್ಡ ಮೊತ್ತ ತೆಗೆದಿಟ್ಟಿದೆ ಎಂಬುದು ಒಂದು. ಅಂಥದ್ದೇ ಕೆಲಸ ಮಾಡಿಸಿಕೊಂಡ ಇನ್ನೊಂದು ನಗರದ ರಸ್ತೆಗಳಲ್ಲಿ ದೋಣಿ ಓಡುತ್ತಿವೆ ಎಂಬುದು ಮತ್ತೊಂದು. ಓದುಗರು ಯಾವುದನ್ನು ನಂಬಬೇಕು?

ಈ ಗೊಂದಲಕ್ಕೆ ಚೀನಾದ ಜೆಂಗ್‌ಝೌ ನಗರಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಬಿದ್ದ ಮಳೆಯನ್ನು ಸ್ಪಂಜಿನಂತೆ ಹೀರಿಕೊಳ್ಳುವಂತೆ ನಗರವನ್ನು ರೂಪಿಸುವ ‘ಸ್ಪಂಜು ನಗರ’ ಯೋಜನೆ ಹಮ್ಮಿಕೊಂಡಿದ್ದ ಆ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿಯಿತು. ಮೆಟ್ರೊದ 5ನೇ ಮಾರ್ಗದ ಸುರಂಗಕ್ಕೆ ನೀರು ನುಗ್ಗಿ ರೈಲಿನಲ್ಲಿದ್ದ 14 ಜನ ಸತ್ತರು. ಆ ನಗರವಿರುವ ಹೆನಾನ್ ಪ್ರಾಂತ್ಯದಲ್ಲಿ ಸತ್ತವರು ಮತ್ತು ಕಾಣೆಯಾದವರು ಒಟ್ಟು 398. ಅವರಲ್ಲಿ 380 ಮಂದಿ ಜೆಂಗ್‌ಝೌನವರು. ‘ಹಸಿರು ಎಂಬುದೆಲ್ಲ ಬರೀ ಅಲಂಕಾರ’ ಎಂಬ ತೀರ್ಪು ಆಗ ಜಗತ್ತಿನ ಹಲವು ಕಡೆ ಕೇಳಿಬಂತು. ಆ ತೀರ್ಪು ಅವಸರದ್ದು. ಆದರೆ ಅದನ್ನು ತಳ್ಳಿಹಾಕುವ ಮುನ್ನ ಲೆಕ್ಕ ನೋಡಬೇಕು, ಯಾಕೆಂದರೆ ಹಸಿರಿನ ಪರ ಮಾತಾಡುವವರೂ ಈ ಲೆಕ್ಕವನ್ನು ಜನರ ಮುಂದಿಟ್ಟಿದ್ದು ಕಡಿಮೆ.

ಶೇ 70 ಅಂದರೆ ಯಾವುದರ ಶೇ 70?

ಗೊಂದಲದ ಬೇರು ಇರುವುದು ಒಂದು ಅಂಕಿಯಲ್ಲಿ. ಬಿದ್ದ ಮಳೆಯ ಶೇ 70ರಷ್ಟನ್ನು ನಗರ ತನ್ನಲ್ಲೇ ಹಿಡಿದು ಬಳಸಿಕೊಳ್ಳಬೇಕು, 2030ರ ಹೊತ್ತಿಗೆ ನಗರದ ಕಟ್ಟಡ ಪ್ರದೇಶದ ಶೇ 80 ಭಾಗ ಈ ಮಟ್ಟ ಮುಟ್ಟಬೇಕು ಎಂದು ಚೀನಾ ಸರ್ಕಾರ 2015ರಲ್ಲಿ ಗುರಿ ಇಟ್ಟುಕೊಂಡಿತು. ಇದನ್ನು ಓದಿದವರಿಗೆ, ಎಂಥ ಮಳೆ ಬಂದರೂ ಅದರ ಮುಕ್ಕಾಲು ಪಾಲು ನೆಲದೊಳಗೆ ಇಳಿಯುತ್ತದೆ ಎಂದೇ ಅನಿಸುತ್ತದೆ.

ಆದರೆ ಅದು ವರ್ಷದ ಒಟ್ಟು ಮಳೆಯ ಲೆಕ್ಕ. ವರ್ಷದಲ್ಲಿ ಮಳೆ ಬೀಳುವ ದಿನಗಳ ಪೈಕಿ ಬಹುಪಾಲು ಸಣ್ಣ, ಮಧ್ಯಮ ಮಳೆಯ ದಿನಗಳೇ. ಒಂದು ಮಳೆಗೆ 20–30 ಮಿ.ಮೀ. ಹಿಡಿಯುವ ವ್ಯವಸ್ಥೆ ಇದ್ದರೆ ಹಲವು ಊರುಗಳಲ್ಲಿ ವರ್ಷದ ಗುರಿ ಮುಟ್ಟಿಬಿಡುತ್ತದೆ. ಅದೇ ವ್ಯವಸ್ಥೆಯ ಮೇಲೆ ಗಂಟೆಗೆ 200 ಮಿ.ಮೀ. ಸುರಿದರೆ ಮೊದಲ ಹತ್ತು ನಿಮಿಷದಲ್ಲೇ ಅದು ತುಂಬಿ ನಿಲ್ಲುತ್ತದೆ. ಉಳಿದ ಐವತ್ತು ನಿಮಿಷದ ನೀರು ಎತ್ತ ಹೋಗಬೇಕು ಎಂಬುದಕ್ಕೆ ಶೇ 70ರ ಗುರಿಯಲ್ಲಿ ಉತ್ತರವೇ ಇಲ್ಲ.

‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತೂ ಇಷ್ಟೇ ದಾರಿ ತಪ್ಪಿಸುತ್ತದೆ. ಯಾವುದೇ ಒಂದು ವರ್ಷದಲ್ಲಿ ಅಂಥ ಮಳೆ ಬರುವ ಸಾಧ್ಯತೆ ಶೇ 1 ಎಂಬುದಷ್ಟೇ ಅದರ ಅರ್ಥ. ಮೂವತ್ತು ವರ್ಷ ಬಾಳುವ ಕಟ್ಟಡವೊಂದು ತನ್ನ ಆಯುಷ್ಯದಲ್ಲಿ ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಸುಮಾರು ಶೇ 26. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 7ರಷ್ಟು. ಹಾಗಾಗಿ ಹಳೆಯ ಮಳೆ ದಾಖಲೆಗಳನ್ನು ನೆಚ್ಚಿಕೊಂಡು ಮಾಡಿದ ಈ ಲೆಕ್ಕವೂ ಸಡಿಲವಾಗುತ್ತಿದೆ.

ಒಂದು ಮಳೆತೋಟವನ್ನು ಬಿಡಿಸಿ ನೋಡೋಣ

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಒಂದು ಸೂತ್ರ ಕೈಯಲ್ಲಿದ್ದರೆ ಯಾವ ಹಸಿರು ಯೋಜನೆಯನ್ನಾದರೂ ಅಳೆಯಬಹುದು.

ಒಟ್ಟು 1,000 ಚದರ ಮೀಟರ್‌ನ ಒಂದು ಜಾಗ ಎಂದುಕೊಳ್ಳಿ: 950 ಚ.ಮೀ. ವಾಹನ ನಿಲುಗಡೆ ಮತ್ತು ಚಾವಣಿ, 50 ಚ.ಮೀ. ಮಳೆತೋಟ. ಮಳೆತೋಟ ಸುತ್ತಲಿನ ನೆಲಕ್ಕಿಂತ ತಗ್ಗಾಗಿರಬೇಕು. ಮೇಲೆ 20 ಸೆಂ.ಮೀ. ನೀರು ನಿಲ್ಲುವ ತಗ್ಗು, ಅದರ ಕೆಳಗೆ 75 ಸೆಂ.ಮೀ. ಮರಳು ಹೆಚ್ಚಿರುವ ಮಣ್ಣು, ತಳದಲ್ಲಿ 30 ಸೆಂ.ಮೀ. ತೊಳೆದ ಜಲ್ಲಿ. ಮೇಲಿನ ತಗ್ಗಿನಲ್ಲಿ 10 ಘನ ಮೀಟರ್ ನೀರು ನಿಲ್ಲುತ್ತದೆ. ಮಣ್ಣಿನಲ್ಲಿ ನೀರು ತುಂಬಿಕೊಳ್ಳಬಲ್ಲ ಸಂದು ಐದರಲ್ಲೊಂದು ಪಾಲು ಎಂದು ಹಿಡಿದರೆ 7.5 ಘನ ಮೀಟರ್. ಜಲ್ಲಿಯ ಸಂದುಗಳು ಶೇ 40 ಎಂದರೆ 6 ಘನ ಮೀಟರ್. ಒಟ್ಟು 23.5 ಘನ ಮೀಟರ್, ಅಂದರೆ ಆ ಇಡೀ ಜಾಗದ ಮೇಲೆ ಬಿದ್ದ 23.5 ಮಿ.ಮೀ. ಮಳೆ.

ವರ್ಷದ ಹೆಚ್ಚಿನ ಮಳೆಗಳನ್ನು ಈ ತೋಟ ಪೂರ್ತಿ ನುಂಗುತ್ತದೆ. ರಸ್ತೆಯ ಎಣ್ಣೆ, ಟೈರಿನ ಪುಡಿ, ಕಸವನ್ನು ಸೋಸುತ್ತದೆ, ಚರಂಡಿಯ ಮೇಲಿನ ಭಾರ ಇಳಿಸುತ್ತದೆ, ಅಂತರ್ಜಲಕ್ಕೆ ನೀರು ಕೊಡುತ್ತದೆ. 150 ಮಿ.ಮೀ. ಮಳೆ ಬಂದ ದಿನ ಅದೇ ತೋಟದಿಂದ 126 ಮಿ.ಮೀ.ಗೂ ಹೆಚ್ಚು ನೀರು ಹೊರಗೆ ಹರಿಯುತ್ತದೆ. ತೋಟ ಕೆಟ್ಟಿತೆಂದು ಅದರರ್ಥವಲ್ಲ. ಅದರ ಹೊಟ್ಟೆ ಇರುವುದೇ ಅಷ್ಟು. ಹೊರಗೆ ಬಂದ ನೀರಿಗೆ ದಾರಿ ಮಾಡದಿರುವುದು ಮಾತ್ರ ಯೋಜಕರ ತಪ್ಪು.

ಹಸಿರು ಚಾವಣಿಗಳ ಕಥೆಯೂ ಇದೇ. 10 ಸೆಂ.ಮೀ. ಮಣ್ಣಿನ ಚಾವಣಿ ಒಣಗಿದ್ದಾಗ ಒಂದು ಹದವಾದ ಮಳೆಯನ್ನು ಹಿಡಿದುಕೊಳ್ಳುತ್ತದೆ. ನಾಲ್ಕು ದಿನ ಬಿಡದೆ ಸುರಿದ ಮೇಲೆ ಐದನೇ ದಿನ ಅದು ಮಾಮೂಲಿ ಚಾವಣಿಗೆ ಹತ್ತಿರ ಹತ್ತಿರ. ನೀರು ಕುಡಿದ ಮಣ್ಣು ಚದರ ಮೀಟರಿಗೆ ನೂರು ಕಿಲೊಗೂ ಮೀರಿ ತೂಗಬಹುದಾದ್ದರಿಂದ ಹಳೆಯ ಕಟ್ಟಡಗಳಲ್ಲಿ ಎಂಜಿನಿಯರ್ ನೋಡದೆ ಕೈ ಹಾಕುವಂತಿಲ್ಲ.

ಕಟ್ಟುವಾಗಲೇ ಕೆಡುವುದು ಹೇಗೆ

ಹಸಿರು ಕೆಲಸಗಳು ಸೋಲುವುದು ಬಹುಪಾಲು ಚಿಕ್ಕ ಚಿಕ್ಕ ಅಳತೆಗಳಲ್ಲಿ. ಎಲ್ಲ ಕಡೆ ಕಣ್ಣಿಗೆ ಬೀಳುವ ಮೊದಲ ತಪ್ಪು, ರಸ್ತೆ ನಡುವಿನ ಡಿವೈಡರ್‌ನಲ್ಲಿ ಮಣ್ಣನ್ನು ಏರಿಸಿ ಗಿಡ ನೆಡುವುದು. ಸುತ್ತ ಕಲ್ಲಿನ ಕಟ್ಟೆ, ಒಳಗೆ ರಸ್ತೆಗಿಂತ ಒಂದಡಿ ಎತ್ತರದ ಮಣ್ಣು. ರಸ್ತೆಯ ನೀರು ಅದರೊಳಗೆ ಹೋಗುವುದಂತೂ ಇಲ್ಲ, ಮಳೆ ಜೋರಾದರೆ ಅದರ ಮಣ್ಣೇ ರಸ್ತೆಗೆ ಬಂದು ಚರಂಡಿಯ ಬಾಯಿ ಮುಚ್ಚುತ್ತದೆ. ಮಣ್ಣಿನ ಮಟ್ಟ ರಸ್ತೆಗಿಂತ 15–20 ಸೆಂ.ಮೀ. ಕೆಳಗಿರಬೇಕು, ಕಟ್ಟೆಯಲ್ಲಿ ಅಲ್ಲಲ್ಲಿ ಅರ್ಧ ಮೀಟರ್‌ನಷ್ಟು ಅಗಲದ ಬಾಯಿ ಬಿಟ್ಟಿರಬೇಕು. ಅಷ್ಟು ಮಾಡಿದರೆ ಅದೇ ಖರ್ಚಿನಲ್ಲಿ ಅದೇ ಪಟ್ಟಿ ನೀರು ಹಿಡಿಯುವ ತೋಟವಾಗುತ್ತದೆ.

ಎರಡನೆಯದು ಕೋಡಿಯ ಎತ್ತರ. ಹೆಚ್ಚುವರಿ ನೀರು ಹೋಗಲು ಇಡುವ ಕೊಳವೆಯ ಬಾಯಿ, ನೀರು ನಿಲ್ಲಬೇಕಾದ ಮಟ್ಟದಲ್ಲಿರಬೇಕು. ಅದನ್ನು ಮಣ್ಣಿನ ಮಟ್ಟಕ್ಕೇ ಇಟ್ಟರೆ ನೀರು ನಿಲ್ಲುವುದೇ ಇಲ್ಲ, ಬಂದಷ್ಟೂ ನೇರ ಚರಂಡಿಗೆ. ಮೇಲಿನ ಉದಾಹರಣೆಯಲ್ಲಿ ಇದೊಂದೇ ತಪ್ಪಿಗೆ 10 ಘನ ಮೀಟರ್, ಎಂದರೆ ಸಾಮರ್ಥ್ಯದ ಐದರಲ್ಲಿ ಎರಡು ಪಾಲಿಗೂ ಹೆಚ್ಚು, ಕೈಬಿಟ್ಟುಹೋಗುತ್ತದೆ.

ಮೂರನೆಯದು ಮಣ್ಣು ಗಟ್ಟಿಯಾಗುವುದು. ಜೆಸಿಬಿಯನ್ನು ಗುಂಡಿಯೊಳಗೇ ಇಳಿಸಿ ಓಡಾಡಿಸಿದರೆ ತಳದ ಮಣ್ಣು ಒತ್ತಿಕೊಂಡು ನೀರು ಇಂಗುವುದು ನಿಂತುಹೋಗುತ್ತದೆ. ಯಂತ್ರ ಅಂಚಿನಲ್ಲಿ ನಿಂತೇ ಅಗೆಯಬೇಕು, ಕೊನೆಗೆ ತಳವನ್ನು ಕೆದಕಿ ಸಡಿಲ ಮಾಡಬೇಕು. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಅದು ಮುಗಿಯುವ ತನಕ ತೋಟದ ಬಾಯಿ ಮುಚ್ಚಿರಬೇಕು. ಸಿಮೆಂಟ್ ಮಿಶ್ರಿತ ಒಂದು ಮಳೆಯ ಕೆಸರು ಸಾಕು, ಮೇಲ್ಪದರ ಕಟ್ಟಿಕೊಳ್ಳುತ್ತದೆ.

ಕೆಲಸ ಶುರು ಮಾಡುವ ಮೊದಲೇ ನೆಲದ ಗುಣ ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ತೋಟದ ತಳ ಬರುವ ಆಳದಲ್ಲಿ 30 ಸೆಂ.ಮೀ. ಗುಂಡಿ ತೆಗೆದು ನೀರು ತುಂಬಿ, ಅದು ಪೂರ್ತಿ ಇಳಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಎಂದು ಅಳೆಯಬೇಕು. ಗಂಟೆಗೆ 12–15 ಮಿ.ಮೀ.ಗಿಂತ ಹೆಚ್ಚು ಇಳಿದರೆ ಇಂಗಿಸುವ ತೋಟ ಮಾಡಬಹುದು. ಜೇಡಿಮಣ್ಣಿನಲ್ಲಿ ಎರಡು ಮೂರು ಮಿ.ಮೀ. ಮಾತ್ರ ಇಳಿದೀತು, ಅಲ್ಲಿ ಜಲ್ಲಿಯೊಳಗೆ ರಂಧ್ರವಿರುವ ಪೈಪ್ ಹಾಕಿ, ನೀರನ್ನು ತಡಮಾಡಿ ಚರಂಡಿಗೆ ಬಿಡುವುದೇ ಸರಿ. ಅಂತರ್ಜಲ ತೋಟದ ತಳದಿಂದ ಒಂದು ಮೀಟರ್‌ನಷ್ಟಾದರೂ ಕೆಳಗಿರಬೇಕು, ತೋಟ ಕಟ್ಟಡದ ಅಡಿಪಾಯದಿಂದ ಮೂರು ಮೀಟರ್ ದೂರ ಇರಬೇಕು. ಕಾರ್ಖಾನೆಯ ವಿಷ ಕೂತಿರುವ ನೆಲದಲ್ಲಿ ಇಂಗಿಸುವ ಯೋಚನೆಯನ್ನೇ ಬಿಡಬೇಕು, ಇಲ್ಲವಾದರೆ ಅದನ್ನೆಲ್ಲ ನಾವೇ ಅಂತರ್ಜಲಕ್ಕೆ ಇಳಿಸಿದಂತೆ.

ಸೊಳ್ಳೆಯ ಭಯವನ್ನು ಜನ ಎತ್ತುವುದು ಸಹಜ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರ ಬೇಕು. ತೋಟದ ನೀರು ಎರಡು ದಿನದೊಳಗೆ ಇಳಿದುಹೋಗುವಂತಿದ್ದರೆ ಅಲ್ಲಿ ಸೊಳ್ಳೆ ಬೆಳೆಯುವುದಿಲ್ಲ. ಮೂರು ದಿನ ಕಳೆದರೂ ನೀರು ನಿಂತಿದೆ ಎಂದರೆ ಮೇಲ್ಪದರಕ್ಕೆ ಹೂಳು ಹಿಡಿದಿದೆ ಎಂದೇ ತಿಳಿಯಬೇಕು.

ಪೈಪಿನ ಪಕ್ಷ, ಗಿಡದ ಪಕ್ಷ

ಚರಂಡಿ ಎಂಜಿನಿಯರುಗಳ ವಾದ ಹೀಗಿದೆ: ಜನ ಸಾಯುವುದು ದೊಡ್ಡ ಮಳೆಯಲ್ಲಿ, ದೊಡ್ಡ ಮಳೆಗೆ ಬೇಕಾದ್ದು ಅಗಲವಾದ ಕಾಲುವೆ, ಪಂಪು, ತಡೆಗೋಡೆ, ಇವುಗಳ ಸಾಮರ್ಥ್ಯವನ್ನು ಅಳೆದು ಹೇಳಬಹುದು, ಗಿಡಗಳದ್ದನ್ನು ಹಾಗೆ ಹೇಳಲಾಗದು. ಚೀನಾದ ಸ್ಪಂಜು ನಗರ ಚಿಂತನೆಗೆ ಮುಖ್ಯ ಪ್ರೇರಣೆಯಾದ ಭೂದೃಶ್ಯ ವಿನ್ಯಾಸಕ ಯು ಕೊಂಗ್‌ಜಿಯಾನ್ ಇದಕ್ಕೆ ನೇರ ವಿರುದ್ಧದ ನಿಲುವಿನವರಾಗಿದ್ದರು. ನೀರನ್ನು ಬೇಗ ಓಡಿಸುವ ಕಾಂಕ್ರೀಟ್ ಕಾಲುವೆಯೇ ಕೆಳಗಿನವರ ಪ್ರವಾಹಕ್ಕೆ ಕಾರಣ, ನೀರನ್ನು ನಿಧಾನಗೊಳಿಸಬೇಕು, ಹರಡಲು ಬಿಡಬೇಕು ಎಂಬುದು ಅವರ ವಾದ.

ಇಬ್ಬರ ಮಾತಲ್ಲೂ ಸತ್ಯವಿದೆ. ಮೇಲಿನ ಬಡಾವಣೆಯ ಕಾಲುವೆ ಅಗಲವಾದಷ್ಟೂ ಕೆಳಗಿನ ಬಡಾವಣೆಗೆ ನೀರು ಬೇಗ ಮತ್ತು ಒಟ್ಟಾಗಿ ಬಂದು ಬೀಳುತ್ತದೆ. ಹಾಗೆಂದು ನಿಧಾನಗೊಳಿಸಲು ಜಾಗವೇ ಇಲ್ಲದ ಹಳೆಯ ಪೇಟೆಯಲ್ಲಿ ಪೈಪನ್ನು ಬಿಟ್ಟು ಬೇರೆ ದಾರಿಯಿಲ್ಲ. ಜೆಂಗ್‌ಝೌ ವಿಚಾರದಲ್ಲಂತೂ ಈ ಜಗಳವೇ ದಾರಿ ತಪ್ಪಿದ್ದು. 2022ರ ಜನವರಿಯಲ್ಲಿ ಬಂದ ಚೀನಾ ಕೇಂದ್ರ ಸರ್ಕಾರದ ತನಿಖಾ ವರದಿಯ ಪ್ರಕಾರ, ಅಲ್ಲಿ ಸ್ಪಂಜು ನಗರದ ಹೆಸರಿನ ಹಣದಲ್ಲಿ ನಿಜವಾಗಿ ಆ ಕೆಲಸಕ್ಕೆ ಸಂಬಂಧಿಸಿದ್ದು ಸುಮಾರು ಮೂರನೇ ಒಂದು ಪಾಲು ಮಾತ್ರ. ಅರ್ಧಕ್ಕಿಂತ ಹೆಚ್ಚು ಹೋಗಿದ್ದು ಗಿಡ, ಅಲಂಕಾರಗಳಿಗೆ. ಮಳೆಯ ಎಚ್ಚರಿಕೆ ಬಂದ ಮೇಲೂ ಸಮಯಕ್ಕೆ ಸರಿಯಾಗಿ ಮೆಟ್ರೊ ನಿಲ್ಲಿಸದ, ಕೆಲಸ ಕಾರ್ಯಗಳಿಗೆ ರಜೆ ಕೊಡದ ಅಧಿಕಾರಿಗಳ ಲೋಪವನ್ನೂ ಅದು ಎತ್ತಿ ತೋರಿಸಿತು. ರೈಲಿನಲ್ಲಿ ಸತ್ತವರನ್ನು ಉಳಿಸಬಹುದಾಗಿದ್ದದ್ದು ಸಮಯಕ್ಕೆ ಹೊರಬೀಳಬೇಕಿದ್ದ ಒಂದು ಆದೇಶ, ಅದು ಬರಲಿಲ್ಲ.

ಉಕ್ಕಿದ ನೀರಿಗೂ ಜಾಗ ಗೊತ್ತುಮಾಡಿದ ನಗರ

2011ರ ಜುಲೈ 2ರಂದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು ಎರಡು ಗಂಟೆಯಲ್ಲಿ ಕೆಲವೆಡೆ 150 ಮಿ.ಮೀ.ನಷ್ಟು ಮಳೆಯಾಗಿ ಭಾರಿ ನಷ್ಟವಾಯಿತು. ಮರುವರ್ಷ ನಗರ ಹೊರತಂದ ಮೇಘಸ್ಫೋಟ ನಿಭಾಯಿಸುವ ಯೋಜನೆಯಲ್ಲಿ ಸುಮಾರು 300 ಕಾಮಗಾರಿಗಳಿವೆ. ಅದರ ಗುರಿಯ ವಾಕ್ಯವೇ ಬೇರೆ ಥರದ್ದು: ನೂರು ವರ್ಷಕ್ಕೊಮ್ಮೆ ಬರುವ ಮಳೆಯಲ್ಲೂ, ನೀರು ನಿಲ್ಲಲೆಂದೇ ಗುರುತಿಸಿದ ಜಾಗಗಳನ್ನು ಬಿಟ್ಟರೆ ಬೇರೆಲ್ಲೂ 10 ಸೆಂ.ಮೀ.ಗಿಂತ ಹೆಚ್ಚು ನೀರು ನಿಲ್ಲಬಾರದು. ನೀರು ಬರುವುದೇ ಇಲ್ಲ ಎಂಬ ಭರವಸೆ ಅದರಲ್ಲಿಲ್ಲ. ಎಲ್ಲಿ ಬರಬಹುದು, ಎಷ್ಟು ಬರಬಹುದು ಎಂಬ ಮಿತಿ ಇದೆ.

ಇದಕ್ಕಾಗಿ ಕೆಲವು ರಸ್ತೆಗಳನ್ನೇ ಮಧ್ಯದಲ್ಲಿ ತಗ್ಗಾಗಿಸಿ, ಅಂಚಿನ ಕಟ್ಟೆ ಎತ್ತರಿಸಿ, ಜೋರು ಮಳೆಯಲ್ಲಿ ಕಾಲುವೆಯಂತೆ ಹರಿಯಲು ಬಿಟ್ಟರು. ಎಂಗಾವ್ ಉದ್ಯಾನವನ್ನು 22 ಸಾವಿರ ಘನ ಮೀಟರಿಗೂ ಹೆಚ್ಚು ನೀರು ಹಿಡಿಯುವಂತೆ ಮರುರೂಪಿಸಿದರು. ಸಣ್ಣ ಮಳೆಗೆ ಗಿಡ ಮತ್ತು ಮಣ್ಣು, ನಡುವಿನದಕ್ಕೆ ಉದ್ಯಾನದ ತಗ್ಗು, ಅತಿ ದೊಡ್ಡದಕ್ಕೆ ರಸ್ತೆ ಮತ್ತು ಸುರಂಗ ಕೊಳವೆ ಎಂಬ ಮೂರು ಹಂತ. ಬರೀ ಪೈಪ್ ಹಿಗ್ಗಿಸುವ ಪರ್ಯಾಯಕ್ಕೆ ಹೋಲಿಸಿದರೆ ಈ ಮಿಶ್ರ ಯೋಜನೆ ಗಣನೀಯವಾಗಿ ಅಗ್ಗ ಎಂದು ನಗರವೇ ಲೆಕ್ಕ ಹಾಕಿತ್ತು. ನೆದರ್ಲೆಂಡ್ಸಿನ ರಾಟರ್‌ಡಾಮ್‌ನಲ್ಲಿ 2013ರಲ್ಲಿ ತೆರೆದ ಬೆಂತೆಂಪ್ಲೈನ್ ಚೌಕದ್ದೂ ಇದೇ ಬಗೆ. ಒಣ ದಿನಗಳಲ್ಲಿ ಮಕ್ಕಳ ಆಟದ ಅಂಗಳವಾಗಿರುವ ಅಲ್ಲಿನ ಮೂರು ತಗ್ಗುಗಳು ಮಳೆಯಲ್ಲಿ ಸುಮಾರು 17 ಲಕ್ಷ ಲೀಟರ್ ಹಿಡಿಯುತ್ತವೆ.

ಇರುವ ಕೆರೆಯ ಮುಂದೆ ಹೊಸ ತೋಟ ಎಷ್ಟರದು?

ಹತ್ತು ಹೆಕ್ಟೇರ್‌ನ ಒಂದು ಕೆರೆಯ ನೀರನ್ನು ಮಳೆಗೆ ಮುಂಚೆ ಒಂದು ಮೀಟರ್ ಇಳಿಸಿಟ್ಟರೆ ಒಂದು ಲಕ್ಷ ಘನ ಮೀಟರ್ ಜಾಗ ಸಿಗುತ್ತದೆ. ಒಂದು ಚದರ ಕಿಲೊಮೀಟರ್ ಪ್ರದೇಶದಲ್ಲಿ 100 ಮಿ.ಮೀ. ಮಳೆ ಸುರಿದು ಒಂದು ಹನಿಯೂ ಇಂಗದೆ ಹರಿದು ಬಂದರೂ ಅಷ್ಟನ್ನೂ ಅದು ಹಿಡಿದೀತು. ನಾವು ಮೇಲೆ ಲೆಕ್ಕ ಹಾಕಿದಂಥ ಮಳೆತೋಟಗಳಿಂದ ಅದೇ ಕೆಲಸ ಮಾಡಿಸಲು ನಾಲ್ಕು ಸಾವಿರಕ್ಕೂ ಹೆಚ್ಚು ತೋಟ ಬೇಕು. ಇರುವ ಕೆರೆ, ಜೌಗು, ನದಿಯ ನೆರೆಬಯಲನ್ನು ಮುಚ್ಚಿ ಬಡಾವಣೆ ಮಾಡಿ, ಆ ಬಡಾವಣೆಯ ಅಂಚಿನಲ್ಲಿ ಮಳೆತೋಟ ಮಾಡುವ ನಗರಕ್ಕೆ ಆಗುವ ನಷ್ಟ ಎಷ್ಟೆಂದು ಇದರಿಂದಲೇ ಗೊತ್ತಾಗುತ್ತದೆ. ಹೊಸ ಹಸಿರಿನ ಬಗ್ಗೆ ನಡೆಯುವ ಚರ್ಚೆಯಷ್ಟೇ ಬಿರುಸಿನಿಂದ ಇರುವುದನ್ನು ಉಳಿಸುವ ಚರ್ಚೆ ನಡೆಯದಿರುವುದು ನಿಜಕ್ಕೂ ನೋವಿನ ಸಂಗತಿ.

ಇಲ್ಲೂ ಒಂದು ತೊಡಕಿದೆ. ದೋಣಿ ವಿಹಾರಕ್ಕೆಂದೋ ನೋಟಕ್ಕೆಂದೋ ವರ್ಷವಿಡೀ ಕೋಡಿ ಮಟ್ಟದಲ್ಲಿ ತುಂಬಿಟ್ಟ ಕೆರೆ ಪ್ರವಾಹದ ದಿನ ಹೆಚ್ಚೇನೂ ಹಿಡಿಯುವುದಿಲ್ಲ. ಮೇಲಿಂದ ಬಂದದ್ದನ್ನು ತುಸು ತಡಮಾಡಿ ಕೆಳಗೆ ದಾಟಿಸುತ್ತದೆ ಅಷ್ಟೇ. ತೂಬು ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು, ಹವಾಮಾನ ಮುನ್ಸೂಚನೆ ನೋಡಿ ಅದನ್ನು ಎತ್ತುವ ಅಧಿಕಾರ ಒಬ್ಬರಿಗಿರಬೇಕು, ಕೆಳಗಿನ ಕಾಲುವೆಯಲ್ಲಿ ಆ ನೀರು ಹೋಗಲು ಎಡೆಯಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಲೆಕ್ಕ ಕಾಗದದ ಮೇಲೇ ಉಳಿಯುತ್ತದೆ.

ಗುಡ್ಡ ಮತ್ತು ಕಡಲ ತೀರ: ಸೂತ್ರ ತಲೆಕೆಳಗಾಗುವ ಜಾಗಗಳು

ಗುಡ್ಡದ ಊರುಗಳಲ್ಲಿ ‘ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸಿ’ ಎಂಬ ಮಾತು ಅಪಾಯಕಾರಿ. ಕಡಿದಾದ ಇಳಿಜಾರಿನ ತಲೆಯಲ್ಲಿ ಇಂಗುಗುಂಡಿ ತೋಡಿದರೆ ನೀರು ಮಣ್ಣಿನ ಸಂದುಗಳಲ್ಲಿ ಒತ್ತಡ ಹೆಚ್ಚಿಸಿ, ಕಣಗಳ ಹಿಡಿತ ಸಡಿಲಿಸಿ, ಭೂಕುಸಿತಕ್ಕೆ ದಾರಿ ಮಾಡುತ್ತದೆ. ಮರದ ಬೇರುಗಳು ಬಿಗಿಯಾಗಿ ಹಿಡಿಯುವುದು ಮೇಲಿನ ಒಂದೆರಡು ಮೀಟರ್ ಮಣ್ಣನ್ನು. ಅದಕ್ಕಿಂತ ಆಳದಲ್ಲಿ ಜಾರುವ ಪದರಕ್ಕೆ ಮರ ತಡೆಯಾಗದು. ಅಲ್ಲಿ ಬೇಕಾದ್ದು ನೀರನ್ನು ಮೇಲ್ಮೈಯಲ್ಲೇ ಹಿಡಿದು, ಗಟ್ಟಿ ಕಾಲುವೆಯಲ್ಲಿ ಸುರಕ್ಷಿತವಾಗಿ ಕೆಳಗಿಳಿಸುವ ಏರ್ಪಾಡು. ಜೊತೆಗೆ ಇಳಿಜಾರಿನ ಬುಡವನ್ನು ರಸ್ತೆ, ಮನೆಗಳಿಗಾಗಿ ಕಡಿಯದಿರುವುದು.

ಕಡಲ ತೀರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಬಗ್ಗೆಯೂ ಬಿಡಿಸಿ ಹೇಳಬೇಕು. ನೂರು ಮೀಟರ್ ಅಗಲದ ಕಾಂಡ್ಲಾ ಪಟ್ಟಿ ಗಾಳಿ ಎಬ್ಬಿಸಿದ ಅಲೆಗಳ ಎತ್ತರವನ್ನು ಶೇ 13ರಿಂದ 66ರವರೆಗೆ ತಗ್ಗಿಸಬಲ್ಲದು ಎಂದು ಅಧ್ಯಯನಗಳು ಹೇಳುತ್ತವೆ. ಚಂಡಮಾರುತದ ವೇಳೆ ಸಮುದ್ರದ ಮಟ್ಟವೇ ಏರಿ ಒಳನುಗ್ಗುವುದು ಬೇರೆಯೇ ವಿಷಯ: ಅದನ್ನು ತಗ್ಗಿಸುವ ಶಕ್ತಿ ಒಂದು ಕಿಲೊಮೀಟರ್ ಅಗಲದ ಕಾಡಿಗೆ 5ರಿಂದ 50 ಸೆಂ.ಮೀ. ಮಾತ್ರ. ನೂರು ಮೀಟರಿನ ಪಟ್ಟಿ ನೆಟ್ಟು ಅದರ ಹಿಂದಿನ ಜನರಿಗೆ ‘ಇನ್ನು ಭಯವಿಲ್ಲ’ ಎಂದು ಹೇಳುವುದು ಪ್ರಾಣದ ಜೊತೆ ಆಡಿದಂತೆ. ನೆಡುವ ಜಾಗವೂ ಮುಖ್ಯ. ಭೂವಿವಾದ ಇಲ್ಲ ಎಂಬ ಕಾರಣಕ್ಕೆ ತೀರಾ ತಗ್ಗಿನ ಕೆಸರುಬಯಲಿನಲ್ಲಿ ನೆಟ್ಟ ಸಸಿಗಳು ದಿನದ ಹೆಚ್ಚು ಹೊತ್ತು ಮುಳುಗಿದ್ದು ಕೊಳೆಯುತ್ತವೆ. ಕಾಂಡ್ಲಾ ತಾನಾಗಿ ಬೆಳೆಯುವುದು ಸರಾಸರಿ ಸಮುದ್ರಮಟ್ಟಕ್ಕಿಂತ ಮೇಲೆ, ಭರತದ ಗೆರೆಯ ಕೆಳಗೆ. ಆ ಜಾಗದಲ್ಲಿ ಈಗಾಗಲೇ ಸಿಗಡಿ ಹೊಂಡಗಳೋ ಕಟ್ಟಡಗಳೋ ಇರುತ್ತವೆ, ಆದ್ದರಿಂದಲೇ ಅತ್ತ ಯಾರೂ ಹೋಗುವುದಿಲ್ಲ.

ಬಿಸಿಲಿನ ಅಲೆಯ ವಿಚಾರದಲ್ಲಿ ಮರಗಳ ಲಾಭಕ್ಕೆ ತಕರಾರು ಕಡಿಮೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಮರ ಅದನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಆದರೆ ಬೇರಿಗೆ ನೀರು ಸಿಗದಿದ್ದರೆ ಎಲೆಯ ರಂಧ್ರಗಳು ಮುಚ್ಚಿ ಈ ತಂಪು ನಿಲ್ಲುತ್ತದೆ, ಉಳಿಯುವುದು ನೆರಳು. ಮಳೆ ನೀರನ್ನು ಬೇರಿನತ್ತ ತಿರುಗಿಸಿದ ಕಡೆ ಪ್ರವಾಹ ಮತ್ತು ಬಿಸಿಲು ಎರಡಕ್ಕೂ ಒಂದೇ ಖರ್ಚು ಆಗುವುದು ಹೀಗೆ. ಒಂದು ಮೀಟರ್ ಚೌಕದ ಗುಂಡಿಯಲ್ಲಿ ನೆಟ್ಟು ಸುತ್ತ ಕಾಂಕ್ರೀಟ್ ಸುರಿದ ಮರಕ್ಕೆ ಬೇರು ಹರಡಲು ಜಾಗವಿರದು. ಬಿರುಗಾಳಿಗೆ ಮೊದಲು ಉರುಳುವುದು ಅದೇ.

ಹಣ ಯಾರದು, ಸನಿಕೆ ಯಾರ ಕೈಯಲ್ಲಿ?

ಮುಂದಿನ ವರ್ಷಗಳಲ್ಲಿ ಇಂಥ ಕಾಮಗಾರಿಗಳು ಹೆಚ್ಚುವುದು ಖಚಿತ. ಅವು ಬಾಳುವುದು ಅನುಮಾನ, ಯಾಕೆಂದರೆ ಕಟ್ಟಲು ಹಣ ಸಿಗುವಷ್ಟು ಸುಲಭವಾಗಿ ನೋಡಿಕೊಳ್ಳಲು ಸಿಗುವುದಿಲ್ಲ. ರಸ್ತೆಯದ್ದು ಒಂದು ಇಲಾಖೆ, ಚರಂಡಿಯದ್ದು ಇನ್ನೊಂದು, ಗಿಡಗಳದ್ದು ಮತ್ತೊಂದು. ಮಳೆತೋಟ ಮೂರಕ್ಕೂ ಸೇರಿದ್ದು, ಹಾಗಾಗಿ ಯಾರದ್ದೂ ಅಲ್ಲ. ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಮಳೆಗಾಲಕ್ಕೆ ಮೊದಲು ಮತ್ತು ಪ್ರತಿ ಜೋರು ಮಳೆಯ ನಂತರ ನೀರು ಒಳಬರುವ ಬಾಯಿಯ ಹೂಳು, ಪ್ಲಾಸ್ಟಿಕ್ ತೆಗೆಯುವುದು. ಮೊದಲ ಎರಡು ವರ್ಷ ಗಿಡಗಳಿಗೆ ಬೇಸಿಗೆಯಲ್ಲಿ ನೀರು. ವರ್ಷಕ್ಕೊಮ್ಮೆ ಮೇಲಿನ ಹೂಳಿನ ಪದರ ಕೆರೆಯುವುದು. ನೀರು ಇಂಗುವ ಪೇವರ್‌ಗಳಿದ್ದರೆ ವರ್ಷಕ್ಕೆ ಒಂದೆರಡು ಬಾರಿ ಹೀರುಯಂತ್ರದಿಂದ ಸಂದುಗಳ ಧೂಳು ತೆಗೆಯುವುದು. ಪೊರಕೆಯಿಂದ ಗುಡಿಸಿದರೆ ಧೂಳು ಇನ್ನೂ ಒಳಗೆ ಕೂರುತ್ತದೆ.

ಮತ್ತೊಂದು ಪರಿಣಾಮವನ್ನೂ ಗಮನಿಸಬೇಕು. ಒಂದು ಬಡಾವಣೆ ತಂಪಾಗಿ, ಪ್ರವಾಹದ ಭಯ ತಗ್ಗಿದಂತೆ ಅಲ್ಲಿನ ಬಾಡಿಗೆ ಏರುತ್ತದೆ, ತಗ್ಗಿನಲ್ಲಿ ಮುಳುಗುತ್ತ ಬದುಕಿದ ಬಡವರು ಇನ್ನೊಂದು ತಗ್ಗಿಗೆ ಹೋಗಬೇಕಾಗುತ್ತದೆ. ಬಾಡಿಗೆದಾರರ ರಕ್ಷಣೆಯನ್ನು ಯೋಜನೆಯ ಒಳಗೇ ಸೇರಿಸದಿದ್ದರೆ ಪ್ರವಾಹ ತಪ್ಪಿದ್ದು ಜಾಗಕ್ಕೆ, ಜನರಿಗಲ್ಲ.

ಹಾಗಾದರೆ ಹೊಸ ಯೋಜನೆಯ ಸುದ್ದಿ ಬಂದಾಗ ಕೇಳಬೇಕಾದ್ದೇನು? ಎಷ್ಟು ಗಿಡ, ಎಷ್ಟು ಕೋಟಿ ಎಂಬುದಕ್ಕಿಂತ ಮೊದಲು ಎಷ್ಟು ಮಿ.ಮೀ. ಮಳೆ ಹಿಡಿಯುತ್ತದೆ, ಮಿಕ್ಕಿದ್ದು ಯಾವ ರಸ್ತೆಯಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ, ಹೂಳು ತೆಗೆಯುವ ಕೆಲಸ ಯಾವ ಇಲಾಖೆಯ ಯಾವ ಲೆಕ್ಕಶೀರ್ಷಿಕೆಯಲ್ಲಿದೆ ಎಂಬುದು ಗೊತ್ತಾಗಬೇಕು. ಮಳೆಗಾಗಿ ಕಾಯದೆಯೂ ಕಾಮಗಾರಿಯನ್ನು ಪರೀಕ್ಷಿಸಬಹುದು: ತೋಟದಲ್ಲಿ ನೀರು ಕೋಡಿಯ ಮಟ್ಟ ಮುಟ್ಟುವವರೆಗೆ ಟ್ಯಾಂಕರಿನಿಂದ ಬಿಟ್ಟು, ಅಳತೆಪಟ್ಟಿ ನೆಟ್ಟು, ಇಳಿಯಲು ಎಷ್ಟು ಹೊತ್ತಾಯಿತು ಎಂದು ಬರೆದಿಡುವುದು. 20 ಸೆಂ.ಮೀ. ನೀರು ಹೊಸ ತೋಟದಲ್ಲಿ ಕೆಲವೇ ಗಂಟೆಗಳಲ್ಲಿ ಇಳಿಯಬೇಕು. ಗುತ್ತಿಗೆದಾರರ ಕೊನೆಯ ಕಂತನ್ನು ಈ ಪರೀಕ್ಷೆಯ ಮೇಲೆ ನಿಲ್ಲಿಸಿ, ಅದೇ ಪರೀಕ್ಷೆಯನ್ನು ಪ್ರತಿ ವರ್ಷ ಮಳೆಗಾಲದ ಮುಂಚೆ ಮಾಡಿ ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿದರೆ, ಯಾವ ತೋಟಕ್ಕೆ ಹೂಳು ಹಿಡಿದಿದೆ ಎಂಬುದು ರಸ್ತೆ ಮುಳುಗುವ ಮೊದಲೇ ತಿಳಿಯುತ್ತದೆ.